ಆಲೂಗಡ್ಡೆ ಬೇರಿನ ಕೊಂಬೆಗೆ ಹೋಗಿದೆ, ಮೇಡಂ

(ಹಾಸನದ ಪೋಷಕರ ಗುಂಪು. ವಿಷಯ: ಮೈಂಡ್ ಮ್ಯಾಪ್, ಅಂದರೆ ಪಾಠದ ವಿಷಯಗಳನ್ನ ಕೊಂಬೆ ಕೊಂಬೆಯಾಗಿ ಗೆರೆ ಎಳೆದು ಜೋಡಿಸೋ ಚಿತ್ರ. ಉತ್ತರ ಕೊಡುವವರು 6–8ನೇ ಕ್ಲಾಸಿನ ವಿಜ್ಞಾನದ ಮೇಡಂ.)

ಬೇಲೂರಿನ ತಾಯಿ: ಮಗಳು ಆರನೇ ಕ್ಲಾಸು. ಗಿಡದ ಭಾಗಗಳ ಮ್ಯಾಪ್‌ನಲ್ಲಿ ಬೇರು ಅನ್ನೋ ಕೊಂಬೆಗೆ ಕ್ಯಾರೆಟ್, ಮೂಲಂಗಿ ಜೊತೆ ಆಲೂಗಡ್ಡೆನೂ ಹಾಕಿದ್ದಾಳೆ. ಅಳಿಸಿ ಸರಿ ಮಾಡಲಾ?

ಮೇಡಂ: ಅಳಿಸಬೇಡಿ! ಮ್ಯಾಪ್ ಬರೆಸೋದೇ ಇದಕ್ಕೆ. ಪರೀಕ್ಷೆಯಲ್ಲಿ ಬೇರಿಗೆ ಉದಾಹರಣೆ ಕೇಳಿದ್ದರೆ ಕ್ಯಾರೆಟ್ ಬರೆದು ಮಾರ್ಕ್ಸ್ ತಗೊಂಡು ಬರುತ್ತಿದ್ದಳು, ಮಣ್ಣೊಳಗೆ ಇರೋದೆಲ್ಲ ಬೇರು ಅನ್ನೋ ಲೆಕ್ಕ ತಲೆಯಲ್ಲಿ ಹಾಗೇ ಉಳಿಯುತ್ತಿತ್ತು. ಮೊಳಕೆ ಬಂದ ಆಲೂಗಡ್ಡೆ ಒಂದು, ಕ್ಯಾರೆಟ್ ಒಂದು ಕೈಗೆ ಕೊಡಿ. ಆಲೂಗಡ್ಡೆಯ ಕಣ್ಣು ಎಣಿಸಲಿ. ಕಣ್ಣು ಅಂದರೆ ಮೊಗ್ಗು, ಸಾಲಾಗಿ ಮೊಗ್ಗು ಇರೋದು ಕಾಂಡಕ್ಕೆ. ಬಿತ್ತನೆ ಗಡ್ಡೆ ಹೋಳು ಮಾಡುವಾಗ ಹೋಳಿಗೊಂದಾದರೂ ಕಣ್ಣು ಯಾಕೆ ಬಿಡ್ತಾರೆ ಅಂತ ಕೇಳಿ. ಆಮೇಲೆ ಅವಳೇ ಹೊಸ ಗೆರೆ ಎಳೆಯಲಿ, ಹಳೇ ಗೆರೆನೂ ಕಾಣಲಿ. ಗೆರೆ ಮೇಲೆ ಒಂದು ಮಾತು ಬರೆಸಿ: ಬೇರು – ಹೀರುತ್ತದೆ – ನೀರು. ಬರೀ ಗೆರೆ ಇದ್ದರೆ ಮಗುವಿಗೆ ಏನು ಗೊತ್ತಾಗಿದೆ ಅಂತ ನಮಗೆ ಗೊತ್ತಾಗೋದಿಲ್ಲ. 1972ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೋವಾಕ್ ತಂಡ ಮಾಡಿದ, ಗೆರೆ ಮೇಲೆ ಮಾತು ಬರೆಯೋ ಕಾನ್ಸೆಪ್ಟ್ ಮ್ಯಾಪ್ ಇದೇ, ಮಕ್ಕಳಿಗೆ ವಿಜ್ಞಾನ ಎಷ್ಟು ಅರ್ಥವಾಗಿದೆ ಅಂತ ನೋಡೋಕೇ ಮಾಡಿದ್ದು.

ಅರಸೀಕೆರೆ: ಯಾವ ಆ್ಯಪ್ ಒಳ್ಳೇದು ಮೇಡಂ?

ಮೇಡಂ: ಹಾಳೆ, ಪೆನ್ಸಿಲ್.

ಚನ್ನರಾಯಪಟ್ಟಣ: ಫಾರ್ವರ್ಡ್ ಬಂದಿದೆ. "ಬೆಳಗ್ಗೆ ಒಂದೆಲಗದ ರಸ ಕುಡಿಸಿ ಏಳು ಬಣ್ಣದಲ್ಲಿ ಮ್ಯಾಪ್ ಬರೆಸಿ, ಬಲ ಮೆದುಳು ತೆರೆದು ಒಂದೇ ಸಲಕ್ಕೆ ಬಾಯಿಪಾಠ." ನಿಜವಾ?

ಮೇಡಂ: ಸುಳ್ಳು. ಈ ವಾರ ಮೂರನೇ ಸಲ ನೋಡ್ತಿದ್ದೇನೆ. ಓದುವಾಗ ಮೆದುಳಿನ ಎರಡೂ ಕಡೆ ಕೆಲಸ ಮಾಡುತ್ತದೆ. ಒಂದೆಲಗ ಚಟ್ನಿ ಮಾಡಿ ತಿನ್ನಿ. ಬಣ್ಣ ತುಂಬೋಕೇ ಒಂದು ಗಂಟೆ ಹೋದರೆ ಪಾಠ ಯಾವಾಗ? ಅಪ್ಪ ಅಮ್ಮ ರಾತ್ರಿ ಕೂತು ಚಾರ್ಟ್ ಮಾಡಿ ಕಳಿಸೋದಂತೂ ದಯವಿಟ್ಟು ನಿಲ್ಲಿಸಿ.

ಆಲೂರು ಮೇಷ್ಟ್ರು: ಎಂಟನೇ ಕ್ಲಾಸಿನ ಬಲ, ಒತ್ತಡದ ಪಾಠಕ್ಕೆ ಮ್ಯಾಪ್ ಕೂರುತ್ತಿಲ್ಲ. ಲೆಕ್ಕಗಳನ್ನ ಎಲ್ಲಿ ಸೇರಿಸೋದು?

ಹಾಸನ ಟೌನ್: ಹಾಗಾದ್ರೆ ಶುಂಠಿ? ಅದು ಬೇರು ತಾನೇ?

ಹೊಳೆನರಸೀಪುರ: ಶುಂಠಿ ಬೆಳೆದು ನೋಡಿದ್ದೀರಾ? ಕಣ್ಣು ನೋಡಿಯೇ ಬೀಜ ಹಾಕೋದು.

ಹಾಸನ ಟೌನ್: ನಿಮ್ಮಷ್ಟು ತಿಳಿದಿಲ್ಲ ಬಿಡಿ ಸ್ವಾಮಿ. ಗೆಣಸೂ ಕಾಂಡ ಅಂತೀರಾ?

ಮೇಡಂ: ಶುಂಠಿ ಕಾಂಡ, ಗೆಣಸು ಬೇರು. ಸಾಕು.

ಹೊಳೆನರಸೀಪುರ: ಕೊಳೆ ರೋಗ ಬಂದರೆ ಕಾಂಡವೂ ಇಲ್ಲ ಬೇರೂ ಇಲ್ಲ. ಈ ಸಲ ರೇಟ್ ಎಷ್ಟಿದೆ ಯಾರಿಗಾದ್ರೂ ಗೊತ್ತಾ?

ಮೇಡಂ: ರೇಟ್ ಮಾತು ಬೇರೆ ಗುಂಪಲ್ಲಿ.

ಅರಸೀಕೆರೆ: ಆ್ಯಪ್ ಹೆಸರು ಹೇಳಲೇ ಇಲ್ಲ?

ಮೇಡಂ: ಮೇಲೆ ಓದಿ.

ಬೇಲೂರಿನ ತಾಯಿ: ಮೇಡಂ, ನಮ್ಮ ಗಡ್ಡೆಗೆ ಒಂಬತ್ತು ಕಣ್ಣು. ಈಗ ಈರುಳ್ಳಿ ಯಾವ ಕೊಂಬೆಗೆ ಅಂತ ಕೂತಿದ್ದಾಳೆ.

ಮೇಡಂ: ಉದ್ದುದ್ದ ಸೀಳಿ ಕೈಗೆ ಕೊಡಿ. ನೀವು ಉತ್ತರ ಹೇಳಬೇಡಿ.