ಮೊಂಟಾನಾ ಪಳೆಯುಳಿಕೆ ಕ್ಯಾಂಪಿಗೆ ಮುಂಚೆ ಮಡಿಕೇರಿಯಲ್ಲೇ ಏನೇನು ಅಭ್ಯಾಸ ಮಾಡಬಹುದು?

ಮಡಿಕೇರಿ_ಎಂಎಸ್ಸಿ: ನಮ್ಮ ಭೂವಿಜ್ಞಾನ ವಿಭಾಗದ ಆರು ಜನ ಜುಲೈಯಲ್ಲಿ ಅಮೆರಿಕದ ಮೊಂಟಾನಾಕ್ಕೆ, ಡೈನೋಸಾರ್ ಮೂಳೆ ಸಿಗುವ ಹೆಲ್ ಕ್ರೀಕ್ ಶಿಲಾಪದರಗಳಲ್ಲಿ ನಾಲ್ಕು ವಾರದ ಫೀಲ್ಡ್‌ವರ್ಕ್‌ಗೆ ಹೋಗುತ್ತಿದ್ದೇವೆ. ಕೊಡಗಿನಲ್ಲಿ ಇರೋದೆಲ್ಲ ಸುಮಾರು 300 ಕೋಟಿ ವರ್ಷದ ನೈಸ್, ಚಾರ್ನೊಕೈಟ್, ಅಂದರೆ ನೆಲದಾಳದ ಕಾವು, ಒತ್ತಡಕ್ಕೆ ಸಿಕ್ಕಿದ ಕಲ್ಲು. ಇಲ್ಲಿ ಮೂಳೆ ಹುಡುಕೋ ಮಾತೇ ಇಲ್ಲ. ಪ್ಲಾಸ್ಟರ್ ಜಾಕೆಟ್ (ಮೂಳೆಯನ್ನು ಸುತ್ತಲಿನ ಮಣ್ಣಿನ ಸಮೇತ ಎತ್ತೋಕೆ ಗೋಣಿ, ಪ್ಲಾಸ್ಟರಿನಿಂದ ಮಾಡೋ ಕವಚ) ಹಾಕೋದನ್ನು ಇಲ್ಲೇ ಕಲಿಯೋಕೆ ಆಗುತ್ತಾ? ಕಾಫಿ ಗೋಣಿ ಬೇಕಾದಷ್ಟಿದೆ, ಒಯ್ಯಬಹುದಾ? ಶಿಲಾಪದರದ ದಿಕ್ಕು, ಇಳಿಜಾರು ಅಳೆಯೋ ವಿಭಾಗದ ಬ್ರಂಟನ್ ಕಂಪಾಸ್ ಅಲ್ಲಿಗೆ ಸಾಕಾ?

ಗೋಣಿಕೊಪ್ಪ_ಸ್ತರ: ಗೋಣಿ ಒಯ್ಯಬೇಡಿ. ಕಾಫಿ ತುಂಬಿದ ಚೀಲದ ನೇಯ್ಗೆಯಲ್ಲಿ ಸಿಪ್ಪೆ, ಹುಳು ಸಿಕ್ಕಿಕೊಂಡಿರುತ್ತೆ. ಸಸ್ಯ ಕ್ವಾರಂಟೈನ್‌ನವರು ನೋಡಿದರೆ ಅಲ್ಲಿಗೆ ಮುಗೀತು. ಆದರೆ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಪಂದಿ ಮಾಂಸದ ಅಂಗಡಿಯಿಂದ ತೊಡೆಮೂಳೆ ತನ್ನಿ. ಬೇಯಿಸಿ, ಒಣಗಿಸಿ, ಜೇಡಿಮಣ್ಣಿನಲ್ಲಿ ಒಂದಡಿ ಆಳಕ್ಕೆ ಹೂತು ಗಟ್ಟಿಯಾಗಿ ತುಳಿಯಿರಿ. ವಾರ ಬಿಟ್ಟು ಅಗೆಯಿರಿ. ಹೊಸಬರ ಮೊದಲ ತಪ್ಪು ಎಂದರೆ ಮೂಳೆ ಪೂರ್ತಿ ಕಾಣೋವರೆಗೂ ಕೆರೆಯೋದು. ಮೇಲ್ಮೈ ಮಾತ್ರ ಬಿಡಿಸಿ ಗಡಿ ಗೊತ್ತುಮಾಡಿಕೊಂಡರೆ ಸಾಕು. ಸುತ್ತ 8–10 ಸೆಂ.ಮೀ. ಮಣ್ಣು ಉಳಿಸಿ ಕಾಲುವೆ ತೋಡಿ, ಮೂಳೆಗಿಂತ ಕೆಳಗೆ ಹೋದಮೇಲೆ ಒಳಮುಖವಾಗಿ ಕೊರೆಯಿರಿ. ಕೊನೆಗೆ ದಪ್ಪ ಕಾಂಡದ ಅಣಬೆ ಹಾಗೆ ನಿಲ್ಲಬೇಕು.

ಒದ್ದೆ ಟಿಶ್ಯೂ ನಾಲ್ಕೈದು ಪದರ, ಬ್ರಷ್‌ನಿಂದ ಒತ್ತಿ ಕೂರಿಸಿ. ಇದನ್ನು ಬಿಟ್ಟರೆ ಪ್ಲಾಸ್ಟರ್ ಮೂಳೆಗೇ ಕಚ್ಚಿ, ಲ್ಯಾಬಿನಲ್ಲಿ ಬಿಚ್ಚುವಾಗ ಮೇಲ್ಪದರ ಕಿತ್ತು ಬರುತ್ತೆ. ಗೋಣಿಯನ್ನು 10–15 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, ನೀರಲ್ಲಿ ನೆನೆಸಿ ಹಿಂಡಿಡಿ. ಒಣ ಗೋಣಿ ಪ್ಲಾಸ್ಟರಿನ ನೀರನ್ನೆಲ್ಲ ಹೀರುತ್ತೆ. ಬಕೆಟ್‌ಗೆ ಮೊದಲು ನೀರು, ಆಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ) ಉದುರಿಸುತ್ತಾ ಹೋಗಿ. ಪುಡಿ ಮುಳುಗದೆ ನೀರಿನ ಮೇಲೆ ದಿಬ್ಬ ನಿಂತಾಗ ನಿಲ್ಲಿಸಿ, ಒಂದು ನಿಮಿಷ ಬಿಟ್ಟು ಕೈಯಿಂದ ಕಲಸಿ. ಹಳೆಯ ಪ್ಲಾಸ್ಟರ್ ಅಂಟಿದ ಬಕೆಟ್ ಬಳಸಿದರೆ ಪಟ್ಟಿ ಅದ್ದೋದರೊಳಗೆ ಗಟ್ಟಿಯಾಗುತ್ತೆ.

ಪ್ರತಿ ಪಟ್ಟಿ ಹಿಂದಿನದರ ಅರ್ಧ ಮುಚ್ಚಬೇಕು. ಅಡ್ಡಡ್ಡ ಮೂರು ಪದರ. ಎರಡಡಿಗಿಂತ ಉದ್ದವಾದರೆ ನಡುವೆ ಮರದ ರೀಪು. ಪಟ್ಟಿಯ ತುದಿ ಅಣಬೆಯ ಅಂಚಿನ ಅಡಿಗೆ ಹೋಗಲೇಬೇಕು, ಇಲ್ಲದಿದ್ದರೆ ಮಗುಚಿದಾಗ ಮಣ್ಣು, ಮೂಳೆ ಎಲ್ಲ ಕೆಳಗಿಂದ ಜಾರಿ ಬೀಳುತ್ತೆ. ಜಾಕೆಟ್ ಹಾಳಾಗೋದು ಬಹುಪಾಲು ಇಲ್ಲೇ. ಕಾವು ಪೂರ್ತಿ ಆರಿದ ಮೇಲೆ ನಂಬರು, ಉತ್ತರದ ಬಾಣ, ದಿನಾಂಕ ಬರೆದು, ಕಾಂಡ ಕಡಿದು, ಒಂದೇ ಸಲಕ್ಕೆ ಮಗುಚಿ.

ತೂಕ ಮೊದಲೇ ಲೆಕ್ಕ ಹಾಕಿ. 60×40×30 ಸೆಂ.ಮೀ. ಎಂದರೆ 72 ಲೀಟರ್. ಶಿಲೆಗೆ ಲೀಟರಿಗೆ 2.3 ಕಿಲೋ ಹಿಡಿದರೂ 165 ಕಿಲೋ. ಆರು ಜನ ಹೊರೋದಲ್ಲ ಅದು.

ಇನ್ನೊಂದು: ಜೂನ್ ಮಳೆಗೆ ಇಲ್ಲಿ ತೆರೆದಿಟ್ಟ ಪಿಒಪಿ ತೇವ ಎಳೆದು ಗಂಟುಗಟ್ಟುತ್ತೆ. ಮುಚ್ಚಳದ ಡ್ರಮ್‌ನಲ್ಲಿಡಿ.

ಕ್ಲೈನೋಮೀಟರ್: ಕಂಪಾಸ್ ವಿಷಯ ಯಾರೂ ಹೇಳಿಕೊಡಲ್ಲ. ಭೂಮಿಯ ಕಾಂತರೇಖೆ ನೆಲಕ್ಕೆ ಸಮನಾಗಿರೋ ಕಾಂತೀಯ ಸಮಭಾಜಕ ನಮಗೆ ಹತ್ತಿರ, ಹಾಗಾಗಿ ಇಲ್ಲಿ ಮುಳ್ಳು ಹೆಚ್ಚುಕಡಿಮೆ ಸಮವಾಗಿ ನಿಲ್ಲುತ್ತೆ. ಮೊಂಟಾನಾದಲ್ಲಿ ಕಾಂತರೇಖೆ ಕಡಿದಾಗಿ ನೆಲಕ್ಕಿಳಿಯುತ್ತೆ. ಇಲ್ಲಿಗೆ ಹೊಂದಿಸಿದ ಮುಳ್ಳಿನ ಉತ್ತರ ತುದಿ ಬಾಗಿ ಡಬ್ಬಿಗೆ ಉಜ್ಜಿ ನಿಂತುಬಿಡುತ್ತೆ, ಓದಿದ ಸ್ಟ್ರೈಕ್ (ಶಿಲಾಪದರ ಹಾಯುವ ದಿಕ್ಕು) ಎಲ್ಲ ಸುಳ್ಳು. ಗಾಜು ತೆಗೆದು ಮುಳ್ಳಿನ ಮೇಲಿರೋ ತಾಮ್ರದ ತಂತಿಯ ಸುರುಳಿಯನ್ನು ದಕ್ಷಿಣ ತುದಿಯ ಕಡೆ ಚೂರೇ ಚೂರು ಸರಿಸಬೇಕು. ಅಲ್ಲಿ ತಲುಪಿದ ಮೇಲೆ ಮಾಡಿ, ಇಲ್ಲಲ್ಲ. ಡಿಕ್ಲಿನೇಶನ್ (ನಿಜ ಉತ್ತರಕ್ಕೂ ಮುಳ್ಳು ತೋರಿಸೋ ಉತ್ತರಕ್ಕೂ ಇರೋ ಕೋನ) ಕೂಡ ಇಲ್ಲಿನ ಹಾಗೆ ಮರೆತುಬಿಡುವಷ್ಟು ಸಣ್ಣದಲ್ಲ. ಕ್ಯಾಂಪಿನ ಜಾಗದ ಆ ವರ್ಷದ ಅಂಕಿ ಹಾಕಿ. ಸುತ್ತಿಗೆ, ಉಳಿ ಚೆಕ್-ಇನ್ ಬ್ಯಾಗಿನಲ್ಲಿ.

ಮಡಿಕೇರಿ_ಎಂಎಸ್ಸಿ: ಥ್ಯಾಂಕ್ಸ್ ಸರ್. ಬಿರುಕು ಬಿಟ್ಟ ಮೂಳೆಗೆ ಫೆವಿಕಾಲ್ ಹಾಕಬಹುದಾ? ಒಂದೆರಡು ಚೂರು ವಿಭಾಗದ ಮ್ಯೂಸಿಯಂಗೆ ತರಬಹುದಾ?

ಗೋಣಿಕೊಪ್ಪ_ಸ್ತರ: ಫೆವಿಕಾಲ್ ಬೇಡ, ವರ್ಷ ಕಳೆದಂತೆ ಬಿಡಿಸೋಕೆ ಕಷ್ಟ. ಪ್ಯಾರಾಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ ಬಳಸಿ. ಒಳಗೆ ಇಳಿಯಬೇಕಾದರೆ ಲೀಟರ್ ಅಸಿಟೋನ್‌ಗೆ 50 ಗ್ರಾಂ. ಅಂಟಿಸೋದಕ್ಕೆ ಜೇನಿನಷ್ಟು ಮಂದ ಮಾಡಿಕೊಳ್ಳಿ. ಬೇಡ ಎನಿಸಿದಾಗ ಅಸಿಟೋನ್‌ನಲ್ಲೇ ಕರಗುತ್ತೆ. ಅಸಿಟೋನ್ ವಿಮಾನದಲ್ಲಿ ಬಿಡಲ್ಲ, ಅಲ್ಲೇ ಕೊಳ್ಳಿ. ಒದ್ದೆ ಮೂಳೆಗೆ ಹಚ್ಚಿದರೆ ಬೂದಿ ಬಳಿದಂತೆ ಬೆಳ್ಳಗಾಗುತ್ತೆ. ಮಡಿಕೇರಿಯ ಮಳೆಗಾಲದಲ್ಲಿ ಒಣ ಮೂಳೆಗೂ ಹಾಗೇ ಆಗಬಹುದು. ದ್ರಾವಣ ತಪ್ಪಾಯಿತೆಂದು ಗಾಬರಿ ಬೇಡ, ಗಾಳಿಯ ತೇವ ಅದು.

ಬಾಣೆ_ಜಮ್ಮಾ: ಚೂರು ತರೋ ಯೋಚನೆ ಬಿಡಿ. 2009ರ ಕಾನೂನಿನ ಪ್ರಕಾರ ಅಲ್ಲಿನ ಕೇಂದ್ರ ಸರ್ಕಾರದ ಜಮೀನಿನಲ್ಲಿ ಬೆನ್ನುಮೂಳೆಯ ಪ್ರಾಣಿಗಳ ಪಳೆಯುಳಿಕೆ ತೆಗೆಯಲು ಪರ್ಮಿಟ್ ಬೇಕು, ತೆಗೆದದ್ದು ಸರ್ಕಾರದ್ದೇ. ಖಾಸಗಿ ರಾಂಚ್ ಬೇರೆ ಕತೆ: ಪಳೆಯುಳಿಕೆ ಖನಿಜ ಹಕ್ಕಿನವರದ್ದಲ್ಲ, ನೆಲದ ಒಡೆಯರದ್ದು ಎಂದು 2020ರಲ್ಲಿ ಮೊಂಟಾನಾ ಸುಪ್ರೀಂ ಕೋರ್ಟ್ ಹೇಳಿತು. ನೆಲ ಒಬ್ಬರದು, ಮರ ಸರ್ಕಾರದ್ದು ಅನ್ನೋ ಜಗಳ ನೋಡಿದ ಕೊಡಗಿನವರಿಗೆ ಇದು ಬೇಗ ಅರ್ಥವಾಗುತ್ತೆ. ಬೇಲಿ ದಾಟುವ ಮುಂಚೆ ಜಿಪಿಎಸ್ ನೋಡಿ.

ಮಳೆ ಬಿದ್ದರೆ ಅಲ್ಲಿನ ಬೆಂಟೊನೈಟ್ ಜೇಡಿ (ನೀರು ಹೀರಿ ಉಬ್ಬುವ ಅಂಟುಮಣ್ಣು) ನಮ್ಮ ಕೆಂಪು ಮಣ್ಣಿನ ಹಾಗಲ್ಲ, ಫೋರ್ ವ್ಹೀಲ್ ಗಾಡಿಯೂ ಕದಲಲ್ಲ. ಒಣಗೋವರೆಗೆ ಕ್ಯಾಂಪಲ್ಲೇ ಇರಿ. ಎರಡು ದಿನದ ನೀರು ಯಾವಾಗಲೂ ಹೆಚ್ಚುವರಿ ಇರಲಿ, ತಲೆಗೆ ದಿನಕ್ಕೆ 5 ಲೀಟರಿನ ಲೆಕ್ಕದಲ್ಲಿ.