ಸಣ್ಣ ಕಾಲೇಜಿನ ಫುಟ್‌ಬಾಲ್ ತಂಡ ರಾಷ್ಟ್ರಮಟ್ಟಕ್ಕೆ ಏರಬೇಕಾದರೆ ದುಡ್ಡು ಮೊದಲು ಎಲ್ಲಿ ಹಾಕಬೇಕು?

ನೀಲಿ_ಅಂಗಳ ಕೇಳಿದ್ದು:

ಅಮೆರಿಕದ ಕಾಲೇಜ್ ಫುಟ್‌ಬಾಲ್ (ಮೊಟ್ಟೆಯಾಕಾರದ ಚೆಂಡಿನದು, ನಾವು ಕಾಲಲ್ಲಿ ಆಡೋದಲ್ಲ) ಹತ್ತಿರದಿಂದ ಬಲ್ಲವರಿಗೆ ಒಂದು ಪ್ರಶ್ನೆ. ಬೋಯ್ಸಿ ಸ್ಟೇಟ್ 1996ರಲ್ಲಿ ಮೇಲಿನ ದರ್ಜೆಗೆ (ಈಗ ಎಫ್‌ಬಿಎಸ್ ಅನ್ನುವುದು) ಬಂತು, ಹನ್ನೊಂದನೇ ಸೀಸನ್ನಿನಲ್ಲೇ ಫಿಯೆಸ್ಟಾ ಬೌಲ್‌ನಲ್ಲಿ (ಬೌಲ್ ಅಂದರೆ ಸೀಸನ್ ಮುಗಿದ ಮೇಲೆ ಆಯ್ದ ತಂಡಗಳಿಗೆ ಸಿಗುವ ಆಟ) ಒಕ್ಲಹೋಮಾವನ್ನು 43-42ರಿಂದ ಸೋಲಿಸಿತು. ಜೇಮ್ಸ್ ಮ್ಯಾಡಿಸನ್ 2022ರಲ್ಲಿ ಬಂದು 2025ರಲ್ಲೇ ಪ್ಲೇಆಫ್ (ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಕೊನೆಯ ಸುತ್ತುಗಳು) ಆಡಿತು. ಇವರ ಹಾಗೇ ಮೇಲೆ ಬಂದ ಎಷ್ಟೋ ಕಾಲೇಜುಗಳು ವರ್ಷಕ್ಕೆ ಮೂರು ನಾಲ್ಕು ಗೆಲುವಿಗೇ ಸುಸ್ತಾಗಿವೆ.

ಕೈಯಲ್ಲಿ ದುಡ್ಡು ಕಡಿಮೆ ಅಂತಲೇ ಇಟ್ಟುಕೊಳ್ಳಿ. ಮೊದಲು ಸ್ಟೇಡಿಯಮ್ಮೋ, ಕೋಚೋ, ಆಟಗಾರರೋ? "ಒಳ್ಳೆ ಕೋಚ್ ಸಿಕ್ಕಿದರು" ಅನ್ನುವ ಉತ್ತರ ದಯವಿಟ್ಟು ಬೇಡ. ಸಣ್ಣ ಕಾಲೇಜಿಗೆ ಒಳ್ಳೆ ಕೋಚ್ ಸಿಕ್ಕರೂ ನಾಲ್ಕೈದು ವರ್ಷಕ್ಕೆ ಹೊರಟುಹೋಗುತ್ತಾರೆ.

ನಾಲ್ಕನೇ_ಡೌನ್:

ನಿಮ್ಮ ಕೊನೆಯ ಸಾಲಿನಲ್ಲೇ ಉತ್ತರ ಇದೆ. ಕೋಚ್ ಹೋಗೇ ಹೋಗುತ್ತಾರೆ ಎಂದು ಮೊದಲ ದಿನವೇ ಒಪ್ಪಿಕೊಂಡು ಕಟ್ಟಿದ ತಂಡ ಉಳಿಯುತ್ತದೆ. ಬೋಯ್ಸಿಯಲ್ಲಿ ಡರ್ಕ್ ಕೋಟರ್ 2000ದ ಸೀಸನ್ ಮುಗಿಸಿ ಅರಿಜೋನಾ ಸ್ಟೇಟ್‌ಗೆ ಹೋದರು. ಜಾಗಕ್ಕೆ ಬಂದವರು ಅವರ ಕೈಕೆಳಗೇ ಇದ್ದ ಡ್ಯಾನ್ ಹಾಕಿನ್ಸ್, ಐದು ವರ್ಷಕ್ಕೆ 53 ಗೆಲುವು, 11 ಸೋಲು. ಅವರು ಕೊಲರಾಡೋಗೆ ಹೋದಾಗ ಆಫೆನ್ಸ್ (ದಾಳಿ ವಿಭಾಗ) ನಡೆಸುತ್ತಿದ್ದ ಕ್ರಿಸ್ ಪೀಟರ್ಸನ್ ಕೂತರು, 92 ಗೆಲುವು, 12 ಸೋಲು. ಕುರ್ಚಿ ಬದಲಾಯಿತು, ಪ್ಲೇಬುಕ್ಕಿನ (ಆಟದ ಯೋಜನೆಗಳ ಪುಸ್ತಕ) ಭಾಷೆ ಬದಲಾಗಲಿಲ್ಲ. ಹೊರಗಿನವರನ್ನು ತಂದರೆ ಆಟಗಾರರು ಮೊದಲ ವರ್ಷ ಪೂರ್ತಿ ಹೊಸ ಸಂಕೇತ ಕಲಿಯುವುದರಲ್ಲೇ ಕಳೆಯುತ್ತಾರೆ. ಹಿಂದಿನವರ ಯೋಜನೆಗೆಂದು ಆರಿಸಿಕೊಂಡ ಹುಡುಗರು ಹೊಸ ಯೋಜನೆಗೆ ಹೊಂದುವುದೂ ಇಲ್ಲ.

ಹಾಗಾಗಿ ಮೊದಲ ಖರ್ಚು ಹೆಡ್ ಕೋಚ್ ಸಂಬಳವಲ್ಲ, ಅಸಿಸ್ಟೆಂಟ್‌ಗಳ ಸಂಬಳ. ಆಫೆನ್ಸ್, ಡಿಫೆನ್ಸ್ ನಡೆಸುವ ಎರಡೂ ಕೋಆರ್ಡಿನೇಟರ್, ಆಫೆನ್ಸಿವ್ ಲೈನ್ (ಮುಂದೆ ನಿಂತು ಎದುರಾಳಿಯನ್ನು ತಡೆಯುವ ಸಾಲು) ಕೋಚ್, ಸ್ಟ್ರೆಂತ್ ಕೋಚ್, ಈ ನಾಲ್ವರಿಗೆ ಒಂದೇ ವರ್ಷದ ಕರಾರು ಕೊಡಬೇಡಿ. ಹೋಗುವ ಹೆಡ್ ಕೋಚ್ ಕಣ್ಣು ಮೊದಲು ಬೀಳುವುದು ಇವರ ಮೇಲೆ. ಹೆಡ್ ಕೋಚ್ ಕರಾರಿನಲ್ಲಿ ಬೈಔಟ್ (ಕರಾರು ಮುರಿದು ಹೋದರೆ ಕಾಲೇಜಿಗೆ ಕೊಡಬೇಕಾದ) ಮೊತ್ತವನ್ನು ಗಟ್ಟಿಯಾಗಿ ಬರೆಸಿ, ಆ ದುಡ್ಡು ಬಂದಾಗ ಈ ನಾಲ್ವರನ್ನು ಉಳಿಸಿಕೊಳ್ಳಲಿಕ್ಕೇ ಮೀಸಲಿಡಿ.

ಎರಡನೆಯದು ಆಟಗಾರರ ಆಯ್ಕೆ. ದೊಡ್ಡವರು ನೋಡಿ ಬಿಟ್ಟವರನ್ನು ಹುಡುಕಿ, ಆದರೆ ಯಾಕೆ ಬಿಟ್ಟರು ಅಂತ ಗೊತ್ತಿರಲಿ. ಎತ್ತರ ಸಾಲದು, ಎಸೆತದಲ್ಲಿ ಜೋರಿಲ್ಲ ಅಂತ ಬಿಟ್ಟಿದ್ದರೆ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವ) ವಿಷಯದಲ್ಲಿ ಅದು ಕ್ಷಮಿಸಬಹುದಾದ ಕೊರತೆ. ವಾಷಿಂಗ್ಟನ್ ರಾಜ್ಯದ ಪ್ರಾಸರ್ ಎಂಬ ಸಣ್ಣ ಊರಿನ ಕೆಲೆನ್ ಮೂರ್ ಬೋಯ್ಸಿಯಲ್ಲಿ ಆಡಿಸಿದ 53 ಆಟದಲ್ಲಿ 50 ಗೆದ್ದರು. ಚೆಂಡು ಎಲ್ಲಿಗೆ ಹೋಗಬೇಕು ಅಂತ ಸ್ನ್ಯಾಪ್‌ಗೆ (ಚೆಂಡು ಕೈಗೆ ಬಂದು ಆಟ ಶುರುವಾಗುವ ಕ್ಷಣ) ಮುಂಚೆಯೇ ಅವರಿಗೆ ಗೊತ್ತಿರುತ್ತಿತ್ತು. ಕಾಲು ನಿಧಾನ ಅಂತ ಬಿಟ್ಟ ಕಾರ್ನರ್‌ಬ್ಯಾಕನ್ನು (ಎದುರಾಳಿಯ ಪಾಸ್ ಹಿಡಿಯುವವರನ್ನು ಕಾಯುವವ) ಮಾತ್ರ ತರಬೇಡಿ, ಅದನ್ನು ಯಾವ ಕೋಚೂ ಸರಿಪಡಿಸಲಾರ.

ಲೈನ್‌ಗೆ 300 ಪೌಂಡ್‌ನ ಸಿದ್ಧ ಹುಡುಗರು ನಿಮಗೆ ಸಿಗುವುದಿಲ್ಲ. ಆರೂಕಾಲು ಅಡಿ ಮೀರಿದ, 240-250 ಪೌಂಡಿನ, ಹೈಸ್ಕೂಲಲ್ಲಿ ಬ್ಯಾಸ್ಕೆಟ್‌ಬಾಲ್ ಕೂಡ ಆಡಿದ ಟೈಟ್ ಎಂಡ್‌ಗಳನ್ನು (ಲೈನಿನ ತುದಿಯಲ್ಲಿ ನಿಂತು ತಡೆಯುವ, ಪಾಸೂ ಹಿಡಿಯುವ ಆಟಗಾರರು) ತಂದು ಟ್ಯಾಕಲ್ ಆಟಗಾರರನ್ನಾಗಿ (ಲೈನಿನ ಅಂಚು ಕಾಯುವವರು) ಬೆಳೆಸಿ. ಎರಡು ವರ್ಷ ಬೇಕು. ಒಂದೇ ಬೇಸಿಗೆಯಲ್ಲಿ ತೂಕ ತುಂಬಿಸಲು ಹೋದರೆ ಪಾದ ನಿಧಾನವಾಗುತ್ತದೆ, ಮಂಡಿ ಹೋಗುತ್ತದೆ. ರೆಡ್‌ಶರ್ಟ್ ವರ್ಷದಲ್ಲೂ (ಆಡಿಸದೆ ಬೆಳೆಸುವ, ಆಟದ ವರ್ಷಗಳ ಲೆಕ್ಕಕ್ಕೆ ಬಾರದ ವರ್ಷ) ನಾಲ್ಕು ಆಟದವರೆಗೆ ಇಳಿಸಬಹುದು ಎಂಬ 2018ರ ನಿಯಮ ಇಂಥವರಿಗೆ ಹೇಳಿಮಾಡಿಸಿದ್ದು.

ಸ್ಟೇಡಿಯಂ ಕೊನೆಗೆ. ಬೋಯ್ಸಿ 1986ರಲ್ಲಿ ಹೇಗೂ ಬದಲಿಸಬೇಕಿದ್ದ ಟರ್ಫನ್ನು ಹಸಿರಿನ ಬದಲು ನೀಲಿ ಹಾಕಿಸಿತು, ಅಷ್ಟೇ. ಟಿವಿಯಲ್ಲಿ ಕಂಡವರು ಮರೆಯಲಿಲ್ಲ.

ಹನ್ನೆರಡು_ವಾರ:

ಒಳಗಿನವರನ್ನೇ ಬೆಳೆಸಿ ಎಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಶೆಡ್ಯೂಲ್ ಬಗ್ಗೆ ಹೇಳದೆ ಈ ಪ್ರಶ್ನೆಗೆ ಉತ್ತರವೇ ಆಗುವುದಿಲ್ಲ. ಸೆಂಟ್ರಲ್ ಫ್ಲೋರಿಡಾ 2017ರಲ್ಲಿ ಒಂದೂ ಸೋಲದೆ ಬಂತು, ಆಯ್ಕೆ ಸಮಿತಿ 12ನೇ ಸ್ಥಾನ ಕೊಟ್ಟಿತು. ಸಿನ್ಸಿನಾಟಿ 2021ರಲ್ಲಿ ಅದೇ ಕಾನ್ಫರೆನ್ಸಿನಿಂದ (ತಮ್ಮೊಳಗೇ ಆಡುವ ಕಾಲೇಜುಗಳ ಗುಂಪು) ಸೋಲದೆ ಬಂತು, ನಾಲ್ಕು ತಂಡಗಳ ಪ್ಲೇಆಫ್‌ಗೇ ಹೋಯಿತು. ನಡುವಿನ ದೊಡ್ಡ ವ್ಯತ್ಯಾಸ ಒಂದು ಆಟ: ನೋಟರ್ ಡೇಮ್ ಅಂಗಳಕ್ಕೇ ಹೋಗಿ 24-13ರ ಗೆಲುವು.

ಸೀಸನ್ನಿಗೆ 12 ಆಟ, ಎಂಟು ಕಾನ್ಫರೆನ್ಸಿಗೆ ಹೋದರೆ ನಿಮ್ಮ ಕೈಯಲ್ಲಿರುವುದು ನಾಲ್ಕೇ. ಒಂದು ಎಫ್‌ಸಿಎಸ್ (ಕೆಳಗಿನ ದರ್ಜೆ) ತಂಡದ ಜೊತೆ ಮನೆಯಲ್ಲಿ, ಒಂದು ದೊಡ್ಡವರ ಅಂಗಳದಲ್ಲಿ ಸಂಭಾವನೆ ಪಡೆದು, ಉಳಿದೆರಡು ಸರಿಸಮಾನರ ಜೊತೆ ಒಂದು ವರ್ಷ ಇಲ್ಲಿ, ಇನ್ನೊಂದು ವರ್ಷ ಅಲ್ಲಿ. ಹಣದ ಆಸೆಗೆ ಸಂಭಾವನೆಯ ಆಟ ಮೂರಕ್ಕೆ ಏರಿಸಿದಿರೋ, ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಮೊದಲ ಸಾಲಿನ ಟ್ಯಾಕಲ್‌ಗಳು ಗಾಯಗೊಂಡು ಕೂತಿರುತ್ತಾರೆ. ಗೆಲ್ಲಲೇಬೇಕಾದ ಕಾನ್ಫರೆನ್ಸ್ ಆಟಗಳಿಗೆ ಎರಡನೇ ಸಾಲಿನವರು ಇಳಿಯುತ್ತಾರೆ.

ದೊಡ್ಡವರನ್ನು ಯಾವ ವಾರ ಎದುರಿಸುತ್ತೀರಿ ಎಂಬುದೂ ಮುಖ್ಯ. ಬೋಯ್ಸಿ ಲೆಕ್ಕ ನೋಡಿ: 2009ರಲ್ಲಿ ಒರೆಗಾನ್ ವಿರುದ್ಧ 19-8, 2010ರಲ್ಲಿ ವರ್ಜೀನಿಯಾ ಟೆಕ್ ವಿರುದ್ಧ 33-30, 2011ರಲ್ಲಿ ಅಟ್ಲಾಂಟಾದಲ್ಲಿ ಜಾರ್ಜಿಯಾ ವಿರುದ್ಧ 35-21. ಮೂರೂ ಸೀಸನ್ನಿನ ಮೊದಲ ಆಟ. ಆಗ ತಯಾರಿಗೆ ತಿಂಗಳುಗಟ್ಟಲೆ ಸಮಯ, ನಿಮ್ಮವರೆಲ್ಲ ಗಟ್ಟಿ, ಎದುರಾಳಿ ಬಳಿ ನೋಡಲು ನಿಮ್ಮ ಈ ವರ್ಷದ ವಿಡಿಯೋ ಇಲ್ಲ. 2007ರಲ್ಲಿ ಮಿಷಿಗನ್ 4 ಲಕ್ಷ ಡಾಲರ್ ಕೊಟ್ಟು ಕರೆಸಿಕೊಂಡ ಅಪಲೇಚಿಯನ್ ಸ್ಟೇಟ್ 34-32ರಿಂದ ಗೆದ್ದದ್ದೂ ಮೊದಲ ವಾರವೇ. ಈ ಕರಾರುಗಳು ವರ್ಷಗಳ ಮುಂಚೆಯೇ ಆಗುತ್ತವೆ, ಹಾಗಾಗಿ ಇದು ಕೋಚ್‌ಗಿಂತ ಅಥ್ಲೆಟಿಕ್ ಡೈರೆಕ್ಟರ್ ಕೆಲಸ.

ನೀಲಿ_ಅಂಗಳ:

ಇಬ್ಬರಿಗೂ ಧನ್ಯವಾದ. ಮೇಲಿನ ದರ್ಜೆಗೆ ಏರುವಾಗಿನ ನಿಜವಾದ ಖರ್ಚು ಏನೇನು? ಇನ್ನೊಂದು, ಈಗ ಪೋರ್ಟಲ್ (ಆಟಗಾರರು ಕಾಲೇಜು ಬದಲಿಸುವ ವ್ಯವಸ್ಥೆ) ಇರುವಾಗ ಎರಡು ವರ್ಷ ಬೆಳೆಸಿದ ಟ್ಯಾಕಲ್ ಮೂರನೇ ವರ್ಷ ನಮ್ಮಲ್ಲೇ ಇರುತ್ತಾನೆಯೇ?

ಖರ್ಚಿನ_ಪಟ್ಟಿ:

ಮೊದಲು ಒಂದು ಎಫ್‌ಬಿಎಸ್ ಕಾನ್ಫರೆನ್ಸ್ ನಿಮ್ಮನ್ನು ಕರೆಯಬೇಕು, ಕರೆ ಇಲ್ಲದೆ ಅರ್ಜಿಯೇ ಇಲ್ಲ. ಅರ್ಜಿ ಶುಲ್ಕ ಹಿಂದೆ 5 ಸಾವಿರ ಡಾಲರ್ ಇದ್ದದ್ದು 2023ರಲ್ಲಿ 50 ಲಕ್ಷಕ್ಕೆ ಏರಿತು. ಜನ ಅದನ್ನೇ ನೋಡಿ ಹೌಹಾರುತ್ತಾರೆ, ಆದರೆ ಅದು ಒಮ್ಮೆ ಕೊಡುವ ಹಣ. ಪ್ರತಿವರ್ಷ ಹಿಂಡುವುದು ಬೇರೆ: ಕನಿಷ್ಠ 16 ಕ್ರೀಡೆ ನಡೆಸಬೇಕು, ಫುಟ್‌ಬಾಲಿಗೆ ಸ್ಕಾಲರ್‌ಶಿಪ್ ಏರಿಸಿದಾಗ ಟೈಟಲ್ ನೈನ್ (ಶಿಕ್ಷಣದಲ್ಲಿ ಲಿಂಗಭೇದ ತಡೆಯುವ ಕಾನೂನು) ಪ್ರಕಾರ ಮಹಿಳೆಯರ ಕ್ರೀಡೆಗಳಲ್ಲೂ ಅದಕ್ಕೆ ತಕ್ಕ ಅವಕಾಶ, ಅನುದಾನ ಬೆಳೆಯಬೇಕು. ಬಜೆಟ್ ಬರೆಯುವಾಗ ಈ ಎರಡನೆಯ ಸಾಲನ್ನು ಮರೆತವರು ಮೂರನೇ ವರ್ಷ ಕೈ ಕಟ್ಟಿ ಕೂರುತ್ತಾರೆ.

ಬದಲಾವಣೆಯ ಎರಡು ವರ್ಷ ಗೆದ್ದರೂ ಫಲವಿಲ್ಲ. ಜೇಮ್ಸ್ ಮ್ಯಾಡಿಸನ್ 2023ರಲ್ಲಿ 11-1 ಮುಗಿಸಿಯೂ ತನ್ನ ಕಾನ್ಫರೆನ್ಸ್ ಸನ್ ಬೆಲ್ಟಿನ ಫೈನಲ್ ಆಡುವಂತಿರಲಿಲ್ಲ. ಅರ್ಹ ತಂಡಗಳು ಕಡಿಮೆ ಬಿದ್ದದ್ದರಿಂದ ಒಂದು ಬೌಲ್ ಸಿಕ್ಕಿತು ಅಷ್ಟೇ. ಆ ಎರಡು ವರ್ಷ ಹುಡುಗರನ್ನು ಹಿಡಿದಿಡುವುದೇ ಕಷ್ಟ.

ಪೋರ್ಟಲ್ ವಿಷಯಕ್ಕೆ ಬಂದರೆ, ಇಲ್ಲ, ಇರಲಾರ. ಕರ್ಟ್ ಸಿಗ್ನೆಟ್ಟಿ ಜೇಮ್ಸ್ ಮ್ಯಾಡಿಸನ್‌ನಿಂದ ಇಂಡಿಯಾನಾಗೆ ಹೋದಾಗ 13 ಆಟಗಾರರು ಹಿಂದೆಯೇ ಹೋದರು. 2025-26ಕ್ಕೆ ಆಟಗಾರರಿಗೆ ನೇರವಾಗಿ ಹಂಚಬಹುದಾದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್, ಸಣ್ಣ ಕಾಲೇಜು ಅದರ ಹತ್ತಿರಕ್ಕೂ ಹೋಗಲಾರದು. ಹಾಸಿಗೆ ಇದ್ದಷ್ಟೇ ಕಾಲು ಚಾಚಿ: ಇರುವ ದುಡ್ಡನ್ನು ತಂಡದ 105 ಜನರಿಗೆ ಚಿಲ್ಲರೆಯಾಗಿ ಹಂಚದೆ ಕ್ವಾರ್ಟರ್‌ಬ್ಯಾಕ್, ಇಬ್ಬರು ಟ್ಯಾಕಲ್, ಒಳಗಿನ ಡಿಫೆನ್ಸಿವ್ ಲೈನ್, ಇಷ್ಟಕ್ಕೆ ಹಾಕಿ. ರಿಸೀವರ್‌ಗಳನ್ನು ಕೆಳಗಿನ ದರ್ಜೆಗಳಿಂದ ಪ್ರತಿ ಜನವರಿ ತರಬಹುದು, ಟ್ಯಾಕಲ್ ಹಾಗೆ ಸಿಗುವುದಿಲ್ಲ. ಬಿಟ್ಟುಹೋಗುವವರು ಆ ಸೆಮಿಸ್ಟರ್ ಪಾಸಾಗಿ ಹೋಗುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಎಪಿಆರ್ (ಆಟಗಾರರ ಓದಿನ ಪ್ರಗತಿ ಅಳೆಯುವ) ಅಂಕ ಕುಸಿಯುತ್ತದೆ. ನಾಲ್ಕು ವರ್ಷದ ಸರಾಸರಿ 930ಕ್ಕಿಂತ ಕೆಳಗಿಳಿದರೆ ಗೆದ್ದೂ ಬೌಲ್ ಇಲ್ಲ.

ನಾಲ್ಕನೇ_ಡೌನ್ ಅವರೇ, ಒಳಗಿನವರೇ ಬೇಕೆಂಬ ನಿಮ್ಮ ಮಾತಿಗೆ ಜೇಮ್ಸ್ ಮ್ಯಾಡಿಸನ್ ಹೊಂದುವುದಿಲ್ಲವಲ್ಲ? ಸಿಗ್ನೆಟ್ಟಿ ಬಂದದ್ದು ಇಲಾನ್‌ನಿಂದ, ಬಾಬ್ ಚೆಸ್ನಿ ಬಂದದ್ದು ಹೋಲಿ ಕ್ರಾಸ್‌ನಿಂದ. ಇಬ್ಬರೂ ಹೊರಗಿನವರು, ಇಬ್ಬರೂ ಗೆದ್ದರು.

ನಾಲ್ಕನೇ_ಡೌನ್:

ಒಪ್ಪುತ್ತೇನೆ, ಅದು ಬೇರೆಯದೇ ದಾರಿ. ಇಬ್ಬರೂ ಆಗಲೇ ಸಣ್ಣ ಕಾಲೇಜಿನಲ್ಲಿ, ಕಡಿಮೆ ದುಡ್ಡಿನಲ್ಲಿ ಹೆಡ್ ಕೋಚ್ ಆಗಿ ಗೆದ್ದು ಬಂದವರು ಎಂಬುದನ್ನು ಗಮನಿಸಿ. ದೊಡ್ಡ ಕಾಲೇಜಿನ ಹೆಸರಾಂತ ಅಸಿಸ್ಟೆಂಟ್‌ಗಳನ್ನು ತಂದದ್ದಲ್ಲ. ಪೋರ್ಟಲ್ ಕಾಲದಲ್ಲಿ ಹುಡುಗರೇ ಪ್ರತಿವರ್ಷ ಬದಲಾಗುವಾಗ ಪ್ಲೇಬುಕ್ ಹಾಗೇ ಉಳಿಸುವ ಲಾಭ ಮೊದಲಿನಷ್ಟಿಲ್ಲ, ಅದೂ ನಿಜ. ಚೆಸ್ನಿ ಕೂಡ 2025 ಮುಗಿಸಿ ಯುಸಿಎಲ್‌ಎಗೆ ಹೋದರು. ಡೈರೆಕ್ಟರ್ ಮೇಜಿನ ಮೇಲೆ ಮುಂದಿನ ಐದು ಹೆಸರು ಸದಾ ಇರಬೇಕು.

ಹನ್ನೆರಡು_ವಾರ:

ಇನ್ನೊಂದು ಸೇರಿಸುತ್ತೇನೆ. 2010ರಲ್ಲಿ ಬೋಯ್ಸಿ ನೆವಾಡಾ ವಿರುದ್ಧ ಕೊನೆಯ ಕ್ಷಣದ 26 ಗಜದ ಫೀಲ್ಡ್ ಗೋಲ್, ಓವರ್‌ಟೈಮ್‌ನ 29 ಗಜದ್ದು, ಎರಡನ್ನೂ ಕಳೆದುಕೊಂಡು 34-31ರಿಂದ ಸೋತಿತು. ಆ ಒಂದೇ ಸೋಲಿಗೆ ದೊಡ್ಡ ಬೌಲ್‌ಗಳೆಲ್ಲ ಕೈತಪ್ಪಿ ಲಾಸ್ ವೇಗಸ್ ಬೌಲ್‌ಗೆ ಇಳಿಯಿತು. 2025ರ 12 ತಂಡಗಳ ಪ್ಲೇಆಫ್‌ನಲ್ಲಿ ಅತಿ ಮೇಲಿನ ಶ್ರೇಯಾಂಕದ ಐದು ಕಾನ್ಫರೆನ್ಸ್ ಚಾಂಪಿಯನ್ನರಿಗೆ ಜಾಗ ಖಚಿತವಿತ್ತು. ಜೇಮ್ಸ್ ಮ್ಯಾಡಿಸನ್ 2025ರಲ್ಲಿ ಲೂಯಿವಿಲ್‌ಗೆ ಸೋತೂ, ಎಸಿಸಿ ಎಂಬ ದೊಡ್ಡ ಕಾನ್ಫರೆನ್ಸಿನ ಚಾಂಪಿಯನ್ ಡ್ಯೂಕ್‌ಗಿಂತ ಮೇಲಿನ ಶ್ರೇಯಾಂಕ ಪಡೆದು ಒಳಗೆ ಬಂತು. ಹಾಗಾಗಿ ಸೆಪ್ಟೆಂಬರಿನಲ್ಲಿ ದೊಡ್ಡವರ ಅಂಗಳಕ್ಕೆ ಹೋಗಲು ಹೆದರಬೇಡಿ. ಅಲ್ಲಿ ಸೋತರೂ ದಾರಿ ಮುಚ್ಚುವುದಿಲ್ಲ, ನವೆಂಬರಿನಲ್ಲಿ ಕಾನ್ಫರೆನ್ಸಿನೊಳಗೆ ಸೋತರೆ ಮುಚ್ಚುತ್ತದೆ.