ಶಿರಸಿ ಆಫೀಸಿಂದ ಕ್ಲೌಡ್ ಡ್ರೈವ್ ಮ್ಯಾಪ್ ಆಗ್ತಿಲ್ಲ, ಮೂರು ದಿನ ಆಯ್ತು

ತೋಟದಂಚು (ಶಿರಸಿ): ಅಡಿಕೆ ಲೆಕ್ಕವೆಲ್ಲ ಮೈಕ್ರೋಸಾಫ್ಟಿನ ಕ್ಲೌಡ್ ಫೈಲ್ ಜಾಗ ಅಜೂರ್ ಫೈಲ್ಸ್‌ಗೆ ಹಾಕಿದ್ವಿ. ಈಗ ಅದು ಕಂಪ್ಯೂಟರಿನಲ್ಲಿ ಝಡ್ ಡ್ರೈವ್ ಆಗಿ ಕಾಣೋ ಹಾಗೆ ಮ್ಯಾಪ್ ಮಾಡೋಕೆ ಹೋದ್ರೆ ಸುಮ್ನೆ ತಿರುಗ್ತದೆ, ಆಮೇಲೆ ಎರರ್. ಅಜೂರ್ ಪೋರ್ಟಲ್ ಕೊಟ್ಟ ಸ್ಕ್ರಿಪ್ಟೇ ಹಾಕಿದ್ದು, ಸ್ಕ್ರೀನ್‌ಶಾಟ್ ಕೆಳಗಿದೆ. ನಾಡಿದ್ದು ಟೆಂಡರ್. ರಾಶಿ, ಚಾಲಿ ಎರಡೂ ಬಗೆ ಅಡಿಕೆಯ ಲೆಕ್ಕವೂ ಅದರೊಳಗೇ ಇದೆ. ದಯವಿಟ್ಟು ಯಾರಾದ್ರೂ ನೋಡಿ.

ಶರಾವತಿದಂಡೆ (ಹೊನ್ನಾವರ): ಕೀ, ಅಂದ್ರೆ ಸ್ಟೋರೇಜ್ ಖಾತೆಯ ಪಾಸ್‌ವರ್ಡ್, ತಪ್ಪಿದೆ. ವಿಂಡೋಸ್ ಪಾಸ್‌ವರ್ಡ್ ಉಳಿಸಿಡೋ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಹಳೇದನ್ನ ಅಳಿಸಿ ಮತ್ತೆ ಹಾಕಿ.

ತೋಟದಂಚು: ಮೂರು ಸಲ ಅಳಿಸಿ ಹಾಕಿದೆ.

ಶರಾವತಿದಂಡೆ: ಹಾಗಾದ್ರೆ ವಿಂಡೋಸ್ 7 ಇರಬೇಕು. ಅದರಲ್ಲಿ ಎಸ್‌ಎಂಬಿ 3 (ನೆಟ್‌ವರ್ಕಲ್ಲಿ ಫೈಲ್ ಹಂಚೋ ವಿಧಾನ) ಇಲ್ಲ, ಎನ್‌ಕ್ರಿಪ್ಶನ್ ಇಲ್ಲದೆ ಅಜೂರ್ ಹೊರಗಿಂದ ಒಳಗೆ ಬಿಡಲ್ಲ.

ತೋಟದಂಚು: 11 ಇರೋದು.

ಶರಾವತಿದಂಡೆ: ಆದ್ರೂ ಕೀ ಒಮ್ಮೆ ನೋಡಿ.

ಕಾಳಿಸೇತುವೆ (ಕಾರವಾರ): ಮೊದಲು ಆ ಸ್ಕ್ರೀನ್‌ಶಾಟ್ ತೆಗೀರಿ ಮಾರಾಯ್ರೆ, ಕೀ ಪೂರ್ತಿ ಕಾಣ್ತಿದೆ! ಅದು ಸಿಕ್ಕವರಿಗೆ ಇಡೀ ಸ್ಟೋರೇಜ್ ಖಾತೆ ಸಿಕ್ಕ ಹಾಗೆ. ಎರಡು ಕೀ ಕೊಟ್ಟಿರೋದೇ ಇದಕ್ಕೆ: ಎರಡನೇದಕ್ಕೆ ಬದಲಾಯಿಸಿಕೊಂಡು ಮೊದಲನೇದನ್ನ ಹೊಸದು ಮಾಡಿ. ಆಮೇಲೆ ಎರರ್ ನಂಬರ್ ಹೇಳಿ.

ತೋಟದಂಚು: ತೆಗೆದೆ, ಕೀ ಬದಲಿಸಿದೆ. ಎರರ್ 53.

ಕಾಳಿಸೇತುವೆ: 53 ಅಂದ್ರೆ ದಾರಿಯೇ ಸಿಕ್ಕಿಲ್ಲ, ಕೀವರೆಗೆ ಮಾತು ಹೋಗೇ ಇಲ್ಲ.

ಗುಡ್ಡೆಮನೆ (ಕುಮಟಾ): ರೌಟರ್‌ನಲ್ಲಿ ಎಸ್‌ಎಂಬಿ ಬಳಸೋ 445 ಪೋರ್ಟ್ ಫಾರ್ವರ್ಡ್ ಮಾಡಿ, ಆಗ್ತದೆ.

ಕಾಳಿಸೇತುವೆ: ಖಂಡಿತ ಬೇಡ. ಅದು ಹೊರಗಿನವರಿಗೆ ಒಳಗೆ ಬಾಗಿಲು ತೆಗೆಯೋದು. 2017ರ ವಾನಾಕ್ರೈ ವೈರಸ್ ಹಬ್ಬಿದ್ದು ಇದೇ 445ರಲ್ಲಿ. ಇವರಿಗೆ ಬೇಕಿರೋದು ಒಳಗಿಂದ ಹೊರಗೆ.

ಗುಡ್ಡೆಮನೆ: ವಾನಾಕ್ರೈ ನುಗ್ಗಿದ್ದು ಎಸ್‌ಎಂಬಿ 1ರ ದೋಷದಿಂದ, ಪೋರ್ಟಿಂದಲ್ಲ. ನಮ್ಮನೇಲಿ ನಾಲ್ಕು ಡಿಸ್ಕಿನ ನಾಸ್ (ಮನೆ ನೆಟ್‌ವರ್ಕಿನ ಫೈಲ್ ಪೆಟ್ಟಿಗೆ) ಇದೆ, ಇನ್ವರ್ಟರ್‌ಗೆ ಸೇರಿಸಿದ್ದೇನೆ. ಮಳೆಗಾಲದಲ್ಲಿ ಕರೆಂಟು ಹೋದ್ರೂ ಇದುವರೆಗೆ ನಿಂತಿಲ್ಲ.

ಕಾಳಿಸೇತುವೆ: ಅದಕ್ಕೆ ಬೇರೆ ಚರ್ಚೆ ಶುರು ಮಾಡಿ. ತೋಟದಂಚು ಅವರೇ, ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಕೊಟ್ಟು 445 ತಲುಪ್ತದಾ ನೋಡಿ.

ತೋಟದಂಚು: ಫಾಲ್ಸ್ ಬಂತು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮೊದಲ ದಿನವೇ ಡ್ರೈವ್ ಬಂದಿತ್ತು, ಇಲ್ಲಿ ಹೇಳೋದು ಬಿಟ್ಟೆ.

ಕಾಳಿಸೇತುವೆ: ಅದೇ ಮುಖ್ಯ ಸಂಗತಿ! ನಿಮ್ಮ ಆಫೀಸಿನ ಇಂಟರ್ನೆಟ್ ಕಂಪನಿ 445 ಮುಚ್ಚಿದೆ, ಬಹಳ ಕಂಪನಿಗಳು ಮುಚ್ಚುತ್ತವೆ. ಪಾಯಿಂಟ್-ಟು-ಸೈಟ್ ವಿಪಿಎನ್ (ಒಂದು ಕಂಪ್ಯೂಟರಿಂದ ಅಜೂರ್ ನೆಟ್‌ವರ್ಕಿಗೆ ಖಾಸಗಿ ಸುರಂಗ) ಹಾಕಿ, ಸ್ಟೋರೇಜ್‌ಗೆ ಪ್ರೈವೇಟ್ ಎಂಡ್‌ಪಾಯಿಂಟ್ (ಆ ನೆಟ್‌ವರ್ಕ್ ಒಳಗಿನ ವಿಳಾಸ) ಕೊಡಿ.

ತೋಟದಂಚು: ರಾತ್ರಿ ಕೂತು ಎರಡೂ ಮಾಡಿದೆ. ವಿಪಿಎನ್ ಕನೆಕ್ಟೆಡ್ ಅಂತದೆ, ಡ್ರೈವ್‌ಗೆ ಮತ್ತೆ ಅದೇ 53.

ಶರಾವತಿದಂಡೆ: ಹೊಸ ಕೀ ಹಾಕಿದ್ರಾ?

ಕಾಳಿಸೇತುವೆ: ಕೀ ಅಲ್ಲ. ಎನ್‌ಎಸ್‌ಲುಕಪ್ ಕೊಟ್ಟು ಸ್ಟೋರೇಜಿನ ಹೆಸರಿಗೆ ಯಾವ ವಿಳಾಸ ಬರ್ತದೆ ನೋಡಿ. ಪಬ್ಲಿಕ್ ವಿಳಾಸ ಬಂದ್ರೆ ಟ್ರಾಫಿಕ್ ವಿಪಿಎನ್ ಒಳಗೆ ಹೋಗ್ತಾನೇ ಇಲ್ಲ. ಸದ್ಯಕ್ಕೆ ಹೋಸ್ಟ್ಸ್ ಫೈಲಲ್ಲಿ (ಕಂಪ್ಯೂಟರ್ ಹೆಸರು-ವಿಳಾಸ ನೋಡಿಕೊಳ್ಳೋ ಪಟ್ಟಿ) ಎಂಡ್‌ಪಾಯಿಂಟಿನ 10ರಿಂದ ಶುರುವಾಗೋ ವಿಳಾಸ, ಅದರ ಮುಂದೆ ಸ್ಟೋರೇಜಿನ ಪೂರ್ತಿ ಹೆಸರು ಬರೀರಿ. ಹೆಸರು ಮೊದಲಿದ್ದದ್ದೇ ಇರಲಿ.

ತೋಟದಂಚು: ಬಂತು! ಝಡ್ ತೆರೀತು, ಚಾಲಿ ಶೀಟ್ ಎದುರಿಗಿದೆ. ಉಪಕಾರ ಆಯ್ತು. ಸಿದ್ದಾಪುರದ ಲ್ಯಾಪ್‌ಟಾಪಿಗೂ ಇದೇ ಸಾಲು ಸಾಕಾ?

ಕಾಳಿಸೇತುವೆ: ಅಲ್ಲೂ ವಿಪಿಎನ್ ಬೇಕು. ಮೂರ್ನಾಲ್ಕು ಮಷೀನ್ ಆದ್ಮೇಲೆ ಹೋಸ್ಟ್ಸ್ ಬಿಟ್ಟು, ಹೆಸರಿಂದ ವಿಳಾಸ ಹುಡುಕಿಕೊಡೋ ಡಿಎನ್‌ಎಸ್ಸೇ ಸರಿ ಮಾಡಿ.

ಶರಾವತಿದಂಡೆ: ಗುಡ್ಡೆಮನೆಯವರೇ, ಆ ಇನ್ವರ್ಟರ್‌ಗೆ ಯಾವ ಬ್ಯಾಟರಿ ಹಾಕಿದ್ದೀರಿ?